ತಿರುಗುವಿಕೆಯ ತತ್ತ್ವ: ಕಡಗೋಲಿನಿಂದ ಗಾಲ್ಫ್ ದಂಡದವರೆಗೆ

ಹಗ್ಗದ ತುದಿಗೆ ಕಲ್ಲೊಂದನ್ನು ಕಟ್ಟಿ ತಲೆಯ ಮೇಲೆ ಗರಗರನೆ ತಿರುಗಿಸುತ್ತಿರುವಾಗ ಹಗ್ಗವು ಹಠಾತ್ತನೆ ಹರಿದುಹೋದರೆ ಕಲ್ಲು ಯಾವ ದಿಕ್ಕಿಗೆ ಹೋದೀತು? ಪ್ರೌಢಶಾಲೆಯ ತರಗತಿಯಲ್ಲಿ ಈ ಪ್ರಶ್ನೆಯನ್ನು ಹಾಕಿದಲ್ಲಿ ‘ಕೇಂದ್ರದಿಂದ ನೇರವಾಗಿ ಹೊರಕ್ಕೆ’ ಎಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಕಾರಣವೇನೆಂದು ಕೇಳಿದರೆ ‘ಕೇಂದ್ರಾಪಗಾಮಿ ಬಲ’ ಎಂಬ ಪದವೂ ತಡವಿಲ್ಲದೆ ಬರುತ್ತದೆ. ಪದವು ಪುಸ್ತಕದ್ದೇ, ಉತ್ತರ ಮಾತ್ರ ತಪ್ಪು. ಕಲ್ಲು ಹೊರಮುಖವಾಗಿ ಹಾರುವುದಿಲ್ಲ. ಹಗ್ಗ ಹರಿದ ಕ್ಷಣದಲ್ಲಿ ತಾನು ಯಾವ ದಿಕ್ಕಿಗೆ ಚಲಿಸುತ್ತಿತ್ತೋ ಆ ದಿಕ್ಕಿಗೆ, ಅಂದರೆ ವೃತ್ತದ ಸ್ಪರ್ಶರೇಖೆಯ ಗುಂಟ ಹೋಗುತ್ತದೆ.

ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿಗಳನ್ನು ಓಡಿಸುವ ಹುಡುಗನಿಗೆ ಈ ಸತ್ಯ ಚೆನ್ನಾಗಿ ಗೊತ್ತು. ಕಲ್ಲು ಗುರಿಯ ಕಡೆಗೆ ನೇರವಾಗಿ ಚಾಚಿ ನಿಂತಾಗ ಅವನು ಕವಣೆಯ ಎಳೆಯನ್ನು ಬಿಡುವುದಿಲ್ಲ. ಅದಕ್ಕೂ ಕಾಲು ಸುತ್ತು ಮೊದಲೇ, ಕಲ್ಲು ಪಕ್ಕದಲ್ಲಿರುವಾಗಲೇ ಬಿಡುತ್ತಾನೆ. ಆದರೆ ಅದೇ ಹುಡುಗ ಪರೀಕ್ಷೆಗೆ ಕುಳಿತಾಗ ಹಿಂದಿನ ತಪ್ಪು ಉತ್ತರವನ್ನೇ ಬರೆದಾನು. ಕೈ ಬಲ್ಲುದನ್ನು ಬಾಯಿ ತಪ್ಪಾಗಿ ನುಡಿಯುವ ಈ ವೈಚಿತ್ರ್ಯವು ವಿಜ್ಞಾನದ ಅಧ್ಯಾಪಕರಿಗೆ ಎಷ್ಟು ಚಿಂತನೀಯವೋ ಭಾಷೆಯ ಅಧ್ಯಾಪಕರಿಗೂ ಅಷ್ಟೇ ಚಿಂತನೀಯ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನವನ್ನು ಕಲಿಸಬಹುದೇ ಎಂಬ ಹಳೆಯ ವಿವಾದದ ಮರ್ಮವೂ ಇಲ್ಲಿಯೇ ಇದೆ. ಪದಗಳಿದ್ದರೆ ಸಾಲದು, ಪದದ ಹಿಂದೆ ವಸ್ತುವು ಕಾಣಬೇಕು.

ಘಟ್ಟದ ಮೇಲಿನ ಶಾಲೆಗಳ ಮಕ್ಕಳು ವರ್ಷಕ್ಕೊಮ್ಮೆ ಕರಾವಳಿಯ ಪ್ರವಾಸಕ್ಕೆ ಹೋಗುವುದು ವಾಡಿಕೆ. ಉಡುಪಿ, ಕಾಪು, ಮಣಿಪಾಲ, ಕಾರ್ಕಳ ಈ ನಾಲ್ಕು ಊರುಗಳು ಹತ್ತಿರ ಹತ್ತಿರವಿದ್ದು ಆ ಪ್ರವಾಸದ ಪಟ್ಟಿಯಲ್ಲಿ ಸೇರಿರುತ್ತವೆ. ದೇವಾಲಯ, ಕಡಲು, ವಿದ್ಯಾಲಯ, ಗೊಮ್ಮಟ ಇವುಗಳನ್ನು ನೋಡಿ ಮಕ್ಕಳು ಹಿಂದಿರುಗುತ್ತಾರೆ. ಆದರೆ ತಿರುಗುವಿಕೆಯ ಶಾಸ್ತ್ರಕ್ಕೆ ಬೇಕಾದ ನಾಲ್ಕು ಪಾಠಗಳೂ ಈ ನಾಲ್ಕು ಊರುಗಳಲ್ಲಿಯೇ ಹರಡಿವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಮೇಲ್ನೋಟಕ್ಕೆ ಈ ನಾಡಿಗೆ ದೂರವೆನಿಸುವ ಗಾಲ್ಫ್ ಆಟದ ಬೀಸುಹೊಡೆತವೂ ತಾನಾಗಿ ಅರ್ಥವಾಗುತ್ತದೆ.

ಉಡುಪಿಯ ಕಡಗೋಲು

ಉಡುಪಿಯ ಶ್ರೀಕೃಷ್ಣನು ಕಡಗೋಲನ್ನೂ ಹಗ್ಗವನ್ನೂ ಹಿಡಿದ ಬಾಲಕ. ಪ್ರತಿ ಮನೆಯ ಹಿತ್ತಿಲ ಪಡಸಾಲೆಯಲ್ಲಿ ಒಂದು ಕಾಲಕ್ಕೆ ನಿಂತಿರುತ್ತಿದ್ದ ಈ ಉಪಕರಣದಲ್ಲಿ ತಿರುಗುವಿಕೆಯ ಮೊದಲ ಸೂತ್ರವಿದೆ. ವಸ್ತುವೊಂದನ್ನು ತಿರುಗಿಸಲು ಬಲವೊಂದೇ ಸಾಲದು. ಆ ಬಲವು ಅಕ್ಷದಿಂದ ಎಷ್ಟು ದೂರದಲ್ಲಿ ಬೀಳುತ್ತದೆಂಬುದೂ ಮುಖ್ಯ. ಇವೆರಡರ ಗುಣಲಬ್ಧಕ್ಕೆ ಶಾಸ್ತ್ರದಲ್ಲಿ ‘ಭ್ರಾಮಕ’ ಎಂದು ಹೆಸರು.

ಕಡಗೋಲಿನ ಕೋಲಿನ ತ್ರಿಜ್ಯ ಒಂದೂವರೆ ಸೆಂಟಿಮೀಟರು, ಕೆಳಗಿನ ಹೂವಿನಾಕಾರದ ತಲೆಯ ತ್ರಿಜ್ಯ 6 ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. ಹಗ್ಗವನ್ನು 20 ನ್ಯೂಟನ್ ಬಲದಿಂದ, ಅಂದರೆ ಸುಮಾರು 2 ಕಿಲೋಗ್ರಾಂ ತೂಕವನ್ನು ಎತ್ತುವಷ್ಟು ಬಲದಿಂದ ಎಳೆದರೆ, ತಲೆಯ ಅಂಚಿನಲ್ಲಿ ಮಜ್ಜಿಗೆಯ ಮೇಲೆ ಬೀಳುವ ಬಲ 5 ನ್ಯೂಟನ್ ಮಾತ್ರ. ಬಲವು ನಾಲ್ಕನೆಯ ಒಂದು ಭಾಗವಾಯಿತು. ಪ್ರತಿಯಾಗಿ ಅಂಚಿನ ಜವವು ನಾಲ್ಕು ಮಡಿಯಾಯಿತು. ಕಡೆಯುವವರಿಗೆ ಬೇಕಾದುದು ಜವವೇ. ಗೃಹಿಣಿಯು ಲೆಕ್ಕ ಹಾಕದೆಯೇ ಈ ವಿನಿಮಯವನ್ನು ಮಾಡಿಕೊಂಡಿದ್ದಾಳೆ.

ಭ್ರಾಮಕ ಎಂಬ ಪದವು ‘ಭ್ರಮ್’ ಧಾತುವಿನಿಂದ ಬಂದುದು. ಆ ಧಾತುವಿಗೆ ಸುತ್ತುವುದು ಎಂಬ ಅರ್ಥವೂ ಉಂಟು. ಅದರಿಂದಲೇ ‘ಭ್ರಮೆ’ ಎಂಬ ಪದವೂ ಹುಟ್ಟಿದೆ. ತಿರುಗುವ ವಸ್ತುಗಳ ವಿಷಯದಲ್ಲಿ ಮನಸ್ಸಿಗೆ ಭ್ರಮೆ ಬೇಗ ಕವಿಯುತ್ತದೆಂಬುದನ್ನು ಶಬ್ದವೇ ಮುಂಗಂಡಂತಿದೆ.

ಶಾಲೆಯ ಅಂಗಳದ ಚಿನ್ನಿದಾಂಡಿನಲ್ಲಿಯೂ ಇದೇ ಸೂತ್ರ. ಚಿನ್ನಿಯ ಚೂಪಾದ ತುದಿಗೆ ತಟ್ಟಿದರೆ ಅದು ಪಲ್ಟಿ ಹೊಡೆದು ಮೇಲೇಳುತ್ತದೆ. ನಟ್ಟನಡುವೆ ತಟ್ಟಿದರೆ ಬಿದ್ದಲ್ಲಿಯೇ ಬಿದ್ದಿರುತ್ತದೆ. ಪೆಟ್ಟು ಅದೇ, ತೋಳಿನ ಉದ್ದ ಬೇರೆ.

ಕಾಪುವಿನ ಬೀಸುಬಲೆ

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಪ್ರವಾಸಿಗಳ ಕಣ್ಣು ಅದರ ಮೇಲೆಯೇ ನೆಡುವುದು ಸಹಜ. ಆದರೆ ಆ ಕರಾವಳಿಯ ಅಳಿವೆ, ಹೊಳೆಬಾಯಿಗಳಲ್ಲಿ ಬೀಸುಬಲೆ ಹಾಕುವ ಮೀನುಗಾರನನ್ನು ಅರೆಗಳಿಗೆ ನಿಂತು ನೋಡುವುದು ಲೇಸು. ಬೀಸುಬಲೆಯು ಗೋಲಾಕಾರದ್ದು, ಅದರ ಅಂಚಿನ ಸುತ್ತ ಸೀಸದ ಮಣಿಗಳನ್ನು ಪೋಣಿಸಿರುತ್ತಾರೆ. ಬಲೆಯನ್ನು ಮಡಿಚಿ ಭುಜದ ಮೇಲೂ ಮೊಣಕೈಯ ಮೇಲೂ ಹೊತ್ತು, ಸೊಂಟದಿಂದ ಮೈಯನ್ನು ಒಮ್ಮೆ ತಿರುವಿ ಅವನು ಅದನ್ನು ಎಸೆಯುತ್ತಾನೆ. ಮುದ್ದೆಯಾಗಿದ್ದ ಬಲೆಯು ಗಾಳಿಯಲ್ಲಿ ಅರಳಿ ಕೊಡೆಯಂತೆ ನೀರಿನ ಮೇಲೆ ಬೀಳುತ್ತದೆ.

ಅದನ್ನು ಅರಳಿಸಿದವರು ಯಾರು? ಹೊರಕ್ಕೆ ಎಳೆಯುವ ಕೈ ಅಲ್ಲಿ ಯಾವುದೂ ಇಲ್ಲ. ತಿರುವಿ ಎಸೆದುದರಿಂದ ಪ್ರತಿಯೊಂದು ಮಣಿಗೂ ಒಂದು ಅಡ್ಡಚಲನೆ ದೊರೆತಿದೆ. ಪ್ರತಿಯೊಂದು ಮಣಿಯೂ ತನ್ನ ತನ್ನ ಸ್ಪರ್ಶರೇಖೆಯ ಗುಂಟ ನೇರವಾಗಿ ಹೋಗಲು ತೊಡಗುತ್ತದೆ. ಹೀಗೆ ನೇರ ಹೋಗುವ ಮಣಿಗಳೆಲ್ಲ ನಡುವಿನಿಂದ ದೂರವಾಗುವುದು ಅನಿವಾರ್ಯ. ಒಂದೇ ಗುಂಪಿನಿಂದ ಹೊರಟವರು ನಾನಾ ದಿಕ್ಕಿಗೆ ನಡೆದರೆ ಗುಂಪು ಅಗಲವಾಗುವಂತೆ ಬಲೆಯು ಅಗಲವಾಗುತ್ತದೆ. ನೂಲು ಬಿಗಿಯಾದಾಗ ಮಾತ್ರ ಅದು ಮಣಿಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಅಲ್ಲಿರುವ ಮುಖ್ಯ ಎಳೆತವು ಒಳಮುಖದ್ದೇ ಹೊರತು ಹೊರಮುಖದ್ದಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ಬಲೆ ಅರಳಿದಂತೆ ಅದರ ಸುತ್ತುವಿಕೆ ಮಂದವಾಗುತ್ತದೆ. ತಿರುಗುವ ರಾಶಿಯು ಅಕ್ಷದಿಂದ ದೂರ ಸರಿದಷ್ಟೂ ಅದನ್ನು ತಿರುಗಿಸುವುದು ಕಠಿನ. ದೂರವು ಇಮ್ಮಡಿಯಾದರೆ ಕಾಠಿನ್ಯವು ನಾಲ್ಮಡಿಯಾಗುತ್ತದೆ. ಇದಕ್ಕೆ ‘ಜಡತ್ವ ಭ್ರಾಮಕ’ವೆಂದು ಹೆಸರು. ಹೊರಗಿನ ಭ್ರಾಮಕವು ಇಲ್ಲದಿರುವಾಗ ಜಡತ್ವ ಭ್ರಾಮಕ ಹೆಚ್ಚಿದಂತೆ ಸುತ್ತುವ ಜವವು ಇಳಿಯುತ್ತದೆ, ತಗ್ಗಿದಂತೆ ಏರುತ್ತದೆ. ಎರಡರ ಗುಣಲಬ್ಧವಾದ ‘ಕೋನೀಯ ಸಂವೇಗ’ ಮಾತ್ರ ಬದಲಾಗದು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಗಿರಕಿ ಹೊಡೆಯುವ ವೇಷಧಾರಿಯು ಚಾಚಿದ ಕೈಗಳನ್ನು ಮೈಗೆ ಒತ್ತಿಕೊಂಡರೆ ಗಿರಕಿ ಚುರುಕಾಗುವುದೂ ಇದೇ ನಿಯಮದಿಂದ.

ಮಣಿಪಾಲದ ಗಾಜಿನ ನಳಿಕೆ

ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಂಥ ವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ ರಕ್ತವನ್ನು ಬೇರ್ಪಡಿಸುವ ಯಂತ್ರವೊಂದು ಇದ್ದೇ ಇರುತ್ತದೆ. ನಳಿಕೆಯಲ್ಲಿ ರಕ್ತವನ್ನು ತುಂಬಿ ಆ ಯಂತ್ರದಲ್ಲಿಟ್ಟು ಕೆಲವು ನಿಮಿಷ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಇಳಿದು, ತಿಳಿಹಳದಿಯ ರಸವು ಮೇಲೆ ನಿಲ್ಲುತ್ತದೆ. ಅಕ್ಷದಿಂದ 15 ಸೆಂಟಿಮೀಟರು ದೂರದಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗುವ ನಳಿಕೆಯ ವೇಗೋತ್ಕರ್ಷವನ್ನು ಗಣಿಸಿದರೆ ಅದು ಭೂಮಿಯ ಗುರುತ್ವದ ಸುಮಾರು 1500 ಮಡಿಯಾಗುತ್ತದೆ.

ಇಲ್ಲಿಯೂ ಕಣಗಳನ್ನು ಹೊರಕ್ಕೆ ಎಳೆಯುವ ಶಕ್ತಿ ಯಾವುದೂ ಇಲ್ಲ. ವೃತ್ತದಲ್ಲಿ ಸುತ್ತಬೇಕಾದರೆ ಪ್ರತಿಯೊಂದು ಕಣಕ್ಕೂ ಕೇಂದ್ರದ ಕಡೆಗೆ ಒಂದು ಬಲ ಬೇಕು. ಸುತ್ತಲಿನ ದ್ರವವು ಹಗುರವಾದ ಭಾಗಕ್ಕೆ ಸಾಲುವಷ್ಟು ಒತ್ತಾಸೆ ಕೊಡಬಲ್ಲುದು. ಸಾಂದ್ರವಾದ ಕೆಂಪು ಕಣಕ್ಕೆ ಅದು ಸಾಲದು. ಸಾಲದ ಕಣವು ವೃತ್ತವನ್ನು ಬಿಟ್ಟು ಜಾರುತ್ತಾ ನಳಿಕೆಯ ತಳವನ್ನು ಮುಟ್ಟುತ್ತದೆ. ತಳವು ಅದನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ.

ಹಾಗಾದರೆ ‘ಕೇಂದ್ರಾಪಗಾಮಿ’ ಎಂಬ ಪದವು ಎಲ್ಲಿಂದ ಬಂದಿತು? ಡಚ್ ವಿಜ್ಞಾನಿ ಹೈಗೆನ್ಸ್ ಎಂಬಾತನು 17ನೆಯ ಶತಮಾನದ ಮಧ್ಯಭಾಗದಲ್ಲಿ ವೃತ್ತಚಲನೆಯನ್ನು ವಿವೇಚಿಸುತ್ತಾ, ಹಗ್ಗ ಹಿಡಿದ ಕೈಗೆ ತೋರುವ ಎಳೆತವನ್ನು ‘ಕೇಂದ್ರದಿಂದ ಓಡುವ ಬಲ’ವೆಂದು ಲ್ಯಾಟಿನ್ ಭಾಷೆಯಲ್ಲಿ ಕರೆದನು. ಅನಂತರ ಬಂದ ನ್ಯೂಟನ್ ಆ ದೃಷ್ಟಿಯನ್ನು ತಿರುಗುಮುರುಗಾಗಿಸಿ, ಕಲ್ಲಿನ ಮೇಲೆ ಬೀಳುವ ಬಲವನ್ನೇ ವಿಚಾರಿಸಬೇಕೆಂದು ತಿಳಿದು ‘ಕೇಂದ್ರವನ್ನು ಅರಸುವ ಬಲ’ವೆಂಬ ಹೊಸ ಪದವನ್ನು ರಚಿಸಿದನು. 1687ರಲ್ಲಿ ಪ್ರಕಟವಾದ ಅವನ ಮಹಾಗ್ರಂಥದಲ್ಲಿ ಗ್ರಹಗಳ ಚಲನೆಯೆಲ್ಲವೂ ಈ ಎರಡನೆಯ ಪದದ ಮೇಲೆ ನಿಂತಿದೆ. ಕನ್ನಡದಲ್ಲಿ ಮೊದಲಿನದು ಕೇಂದ್ರ ಮತ್ತು ಅಪಗಾಮಿ ಸೇರಿ ‘ಕೇಂದ್ರಾಪಗಾಮಿ’ಯಾಯಿತು, ಎರಡನೆಯದು ಕೇಂದ್ರ ಮತ್ತು ಅಭಿಗಾಮಿ ಸೇರಿ ‘ಕೇಂದ್ರಾಭಿಗಾಮಿ’ಯಾಯಿತು. ಎರಡೂ ಸವರ್ಣದೀರ್ಘ ಸಂಧಿಗಳೇ. ‘ಅಪ’ ಮತ್ತು ‘ಅಭಿ’ ಎಂಬ ಎರಡು ಪುಟ್ಟ ಉಪಸರ್ಗಗಳ ನಡುವೆ ವಿಶ್ವದ ದಿಕ್ಕೇ ಬದಲಾಗುತ್ತದೆ. ಕಿವಿಗೆ ಹತ್ತಿರವಾದ ಈ ಎರಡು ಪದಗಳನ್ನು ವಿದ್ಯಾರ್ಥಿಯು ಅದಲುಬದಲು ಮಾಡಿದರೆ ಅವನನ್ನು ಗದರಿಸಿ ಫಲವಿಲ್ಲ. ಉಪಸರ್ಗದ ಅರ್ಥವನ್ನು ಬಿಡಿಸಿ ಹೇಳಬೇಕು.

ಕೇಂದ್ರಾಪಗಾಮಿ ಎಂಬುದು ತೀರ ಸುಳ್ಳೆಂದು ಹೇಳುವುದೂ ಸರಿಯಲ್ಲ. ಆಗುಂಬೆಯ ಘಾಟಿಯಲ್ಲಿ ಬಸ್ಸು ತಿರುವಿನಲ್ಲಿ ಹೊರಳುವಾಗ ಒಳಗೆ ಕುಳಿತವರು ಹೊರಬದಿಗೆ ವಾಲುತ್ತಾರೆ. ರಸ್ತೆಯ ಬದಿಯಲ್ಲಿ ನಿಂತು ನೋಡುವವನಿಗೆ, ಪ್ರಯಾಣಿಕನು ನೇರ ಹೋಗಲೆಳಸುತ್ತಿರುವನೆಂದೂ ಬಸ್ಸೇ ಅವನ ಅಡಿಯಿಂದ ತಿರುಗುತ್ತಿರುವುದೆಂದೂ ಕಾಣುತ್ತದೆ. ಬಸ್ಸನ್ನೇ ನಿಶ್ಚಲವೆಂದು ಭಾವಿಸಿ ಲೆಕ್ಕ ಮಾಡುವವನಿಗೆ ಮಾತ್ರ ಹೊರಕ್ಕೆ ತಳ್ಳುವ ಬಲವೊಂದನ್ನು ಕಲ್ಪಿಸಿಕೊಳ್ಳುವುದು ಅನುಕೂಲ. ಅದು ತಿರುಗುವ ಬಸ್ಸಿನಲ್ಲಿ ಕುಳಿತವನ ಭಾಷೆ; ನೆಲದ ಮೇಲೆ ನಿಂತವನ ಭಾಷೆಯಲ್ಲ. ಯಾವ ನೆಲೆಯಲ್ಲಿ ನಿಂತು ನುಡಿಯುತ್ತಿದ್ದೇವೆಂಬುದನ್ನು ಮೊದಲೇ ಹೇಳಿದರೆ ಗೊಂದಲವಿಲ್ಲ.

ಕಾರ್ಕಳದ ಪಡಿಮಂಚ

ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿ ಎತ್ತರದ ಗೊಮ್ಮಟನು ಅಲುಗದೆ ನಿಂತಿದ್ದಾನೆ. ಸುತ್ತಿನ ಬಯಲುಗಳಲ್ಲಿ, ಒಕ್ಕಣೆಯ ಯಂತ್ರಗಳು ಬರುವ ಮುನ್ನ, ಸುಗ್ಗಿಯ ಕಾಲಕ್ಕೆ ಪಡಿಮಂಚದ ಮೇಲೆ ಭತ್ತ ಬಡಿಯುವ ಸದ್ದು ತಡರಾತ್ರಿಯವರೆಗೂ ಕೇಳುತ್ತಿತ್ತು. ಪೈರಿನ ಸೂಡಿಯನ್ನು ಎರಡು ಕೈಗಳಲ್ಲಿ ಹಿಡಿದು, ತಲೆಯ ಹಿಂದಕ್ಕೆ ಒಯ್ದು, ಮುಂದಕ್ಕೆ ಬೀಸಿ ಮಂಚದ ಅಡ್ಡಪಟ್ಟಿಗಳಿಗೆ ಹೊಡೆಯುವುದು ಅದರ ಕ್ರಮ.

ಬಲ್ಲವರ ಬಡಿತವನ್ನು ಗಮನಿಸಿದರೆ ಒಂದು ವಿಷಯ ಎದ್ದುಕಾಣುತ್ತದೆ. ಕೈಗಳು ಮೊದಲು ಕೆಳಗಿಳಿಯುತ್ತವೆ. ಸೂಡಿಯ ತೆನೆಭಾಗ ಹಿಂದೆಯೇ ಉಳಿದಿರುತ್ತದೆ. ಕೈಗಳು ಸೊಂಟದ ಬಳಿಗೆ ಬಂದು ಇನ್ನೇನು ನಿಧಾನವಾಗಬೇಕೆನ್ನುವಷ್ಟರಲ್ಲಿ ಹಿಂದುಳಿದಿದ್ದ ತೆನೆಭಾಗವು ಸರ್ರನೆ ಮುಂದೆ ಬಂದು ಪಟ್ಟಿಗೆ ಅಪ್ಪಳಿಸುತ್ತದೆ. ತೋಳುಗಳ ಭಾರದಲ್ಲಿ ಕೂಡಿಟ್ಟ ಚಲನಶಕ್ತಿಯ ಬಹುಭಾಗವು ಕೊನೆಯ ಗಳಿಗೆಯಲ್ಲಿ ಹಗುರವಾದ ಸೂಡಿಗೆ ವರ್ಗವಾಗುತ್ತದೆ. ಅದೇ ಶಕ್ತಿಯು ಕಡಮೆ ರಾಶಿಗೆ ಸೇರಿದಾಗ ಜವವು ಹೆಚ್ಚಲೇಬೇಕು. ಹೊಸಬನು ಕೈಯನ್ನೂ ಸೂಡಿಯನ್ನೂ ಒಂದೇ ಗಟ್ಟಿಕೋಲಿನಂತೆ ಬೀಸುತ್ತಾನೆ. ಬೆವರು ಹೆಚ್ಚು, ಉದುರುವ ಕಾಳು ಕಡಮೆ.

ಹೊಳೆಯ ದಂಡೆಯಲ್ಲಿ ಒದ್ದೆಬಟ್ಟೆಯನ್ನು ಕಲ್ಲಿಗೆ ಒಗೆಯುವ ಕ್ರಮವೂ ಇದೇ. 12ನೆಯ ಶತಮಾನದ ಶರಣರಲ್ಲಿ ಅಗ್ರಗಣ್ಯನಾದ ಮಡಿವಾಳ ಮಾಚಯ್ಯನ ಕಾಯಕವು ಅದು. ಕಾಯಕವನ್ನು ಮೇಲುಕೀಳೆಂದು ವಿಂಗಡಿಸಲಾಗದೆಂದು ಶರಣರು ಸಾರಿದುದು ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಮಾತ್ರ ಸತ್ಯವಲ್ಲ. ಜ್ಞಾನದ ದೃಷ್ಟಿಯಿಂದಲೂ ಸತ್ಯ. ದುಡಿಯುವ ಕೈಯಲ್ಲಿ ಶಾಸ್ತ್ರವಿದೆ. ಅದಕ್ಕೆ ಅಕ್ಷರ ಮಾತ್ರ ದೊರೆತಿರಲಿಲ್ಲ.

ಗಾಲ್ಫ್ ದಂಡದ ಬೀಸು

ಗಾಲ್ಫ್ ಆಟವು ಕನ್ನಡನಾಡಿಗೆ ಬಂದು ಒಂದೂವರೆ ಶತಮಾನವಾಗುತ್ತ ಬಂದಿದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪಿತವಾಯಿತು. ಕರಾವಳಿಯಲ್ಲಿ ಮಂಗಳೂರಿನ ಬಳಿಯ ಪಿಲಿಕುಳದಲ್ಲಿ ಗಾಲ್ಫ್ ಅಂಗಣವಿದೆ. ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಈ ಆಟದ ಹೆಸರು ಹಳ್ಳಿಹಳ್ಳಿಗೂ ಮುಟ್ಟಿತು. ಅವರು ಅತಿದೂರ ಹೊಡೆಯುವವರೆಂದು ಹೆಸರಾದವರಲ್ಲ, ನಿಖರತೆಗೆ ಹೆಸರಾದವರು. ತೋಳ್ಬಲವೊಂದೇ ಸರ್ವಸ್ವವಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ಈ ಆಟದ ಬೀಸನ್ನು ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬವರು ಶಾಸ್ತ್ರೀಯವಾಗಿ ವಿವೇಚಿಸಿ 1968ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಮಾದರಿ ಬಹು ಸರಳ: ಭುಜದಿಂದ ಮಣಿಕಟ್ಟಿನವರೆಗೆ ಒಂದು ಕೋಲು, ಮಣಿಕಟ್ಟಿನಿಂದ ದಂಡದ ತಲೆಯವರೆಗೆ ಇನ್ನೊಂದು ಕೋಲು, ನಡುವೆ ಕೀಲು. ಪಡಿಮಂಚದ ಮುಂದೆ ನಿಂತ ರೈತನ ತೋಳು ಮತ್ತು ಸೂಡಿಗೂ ಈ ಮಾದರಿಗೂ ವ್ಯತ್ಯಾಸವೇ ಇಲ್ಲ.

ಕೆಳಬೀಸಿನ ಆರಂಭದಲ್ಲಿ ಆಟಗಾರನ ಮಣಿಕಟ್ಟು ಮಡಿಚಿರುತ್ತದೆ. ದಂಡದ ತಲೆಯು ಭುಜಕ್ಕೆ ಹತ್ತಿರವಿರುವುದರಿಂದ ಜಡತ್ವ ಭ್ರಾಮಕ ಕಡಮೆ. ಆದುದರಿಂದ ಸೊಂಟ ಮತ್ತು ಭುಜಗಳು ಕೊಡುವ ಭ್ರಾಮಕಕ್ಕೆ ತೋಳು ಬೇಗನೆ ವೇಗ ಪಡೆಯುತ್ತದೆ. ಈ ಮಡಿಕೆಯನ್ನು ಅವಸರದಿಂದ ಬಿಚ್ಚಿದರೆ, ಬೀಸುಬಲೆಯು ಅರಳಿ ಮಂದವಾದಂತೆ, ಇಡೀ ಬೀಸು ಮಂದವಾಗುತ್ತದೆ. ಹೊಸ ಆಟಗಾರರ ಸಾಮಾನ್ಯ ದೋಷವಿದು. ತೋಳುಗಳು ಕೆಳಗಿಳಿಯುತ್ತಿರುವಾಗ ಸಕಾಲದಲ್ಲಿ ಮಣಿಕಟ್ಟು ಬಿಚ್ಚಿಕೊಳ್ಳಬೇಕು. ನೇರ ಹೋಗಲೆಳಸುವ ದಂಡದ ತಲೆಯು ಆಗ ತಾನಾಗಿಯೇ ಹೊರಳಿ ಬರುತ್ತದೆ.

ಇಲ್ಲಿ ಒಂದು ಶಂಕೆ ಏಳಬಹುದು. ಚಲನೆಗೆ ಲಂಬವಾಗಿರುವ ಬಲವು ದಿಕ್ಕನ್ನು ಬದಲಿಸಬಲ್ಲುದೇ ಹೊರತು ಜವವನ್ನು ಹೆಚ್ಚಿಸಲಾರದು. ಕೈಯು ದಂಡವನ್ನು ಒಳಕ್ಕೆ ಎಳೆಯುತ್ತಿರುವಾಗ ತಲೆಯ ಜವ ಹೆಚ್ಚುವುದು ಹೇಗೆ? ಸಮಾಧಾನವಿದು: ಮಣಿಕಟ್ಟು ಮಡಿಚಿರುವಷ್ಟು ಹೊತ್ತು ಕೈಯ ಎಳೆತವು ತಲೆಯ ಪಥಕ್ಕೆ ಪೂರ್ತಿ ಲಂಬವಾಗಿಲ್ಲ, ಓರೆಯಾಗಿದೆ. ಓರೆ ಬಲದ ಒಂದಂಶವು ಪಥದ ಗುಂಟ ಬಿದ್ದು ತಲೆಯನ್ನು ವೇಗಗೊಳಿಸುತ್ತದೆ. ಅದರ ಪ್ರತಿಕ್ರಿಯೆಯು ಕೈಗಳನ್ನು ಹಿಂದಕ್ಕೆ ಜಗ್ಗಿ ನಿಧಾನಗೊಳಿಸುತ್ತದೆ. ತೋಳು ಕಳೆದುಕೊಂಡುದನ್ನು ದಂಡವು ಪಡೆಯುತ್ತದೆ. ತೋಳು ಮತ್ತು ದಂಡ ಒಂದೇ ಸಾಲಿಗೆ ಬರುವ ಹೊತ್ತಿಗೆ ಈ ವರ್ಗಾವಣೆ ಮುಗಿದಿರಬೇಕು. ಚೆಂಡು ಅಲ್ಲಿಯೇ ಕಾದಿರಬೇಕು.

ಅಂಕೆಗಳಲ್ಲಿ ಹೇಳುವುದಾದರೆ, ದಂಡದ ತಲೆಯ ರಾಶಿ ಸುಮಾರು 200 ಗ್ರಾಂ. ನುರಿತವರ ಬೀಸಿನಲ್ಲಿ ಅದರ ಜವವು ಸೆಕೆಂಡಿಗೆ ಸುಮಾರು 45 ಮೀಟರು, ಅಂದರೆ ಗಂಟೆಗೆ 162 ಕಿಲೋಮೀಟರು. ಭುಜದಿಂದ ತಲೆಯವರೆಗಿನ ದೂರ 1.7 ಮೀಟರೆಂದು ಹಿಡಿದರೆ, ಆ ಪುಟ್ಟ ತಲೆಯನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾಗುವ ಕೇಂದ್ರಾಭಿಗಾಮಿ ಬಲವು ಸ್ಥೂಲವಾಗಿ 240 ನ್ಯೂಟನ್. ಸುಮಾರು 24 ಕಿಲೋಗ್ರಾಂ ತೂಕವನ್ನು ಎತ್ತಿ ಹಿಡಿದಷ್ಟು ಎಳೆತವಿದು. ಸುಮಾರು 46 ಗ್ರಾಂ ರಾಶಿಯ ಚೆಂಡಿಗೆ ದಂಡವು ತಾಗಿರುವ ಅವಧಿ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಚೆಂಡು ಸೆಕೆಂಡಿಗೆ 65 ಮೀಟರು ಜವವನ್ನು ಪಡೆದರೆ ಅದರ ಮೇಲೆ ಬಿದ್ದ ಸರಾಸರಿ ಬಲ ಸುಮಾರು 6000 ನ್ಯೂಟನ್. ಆ ಅತ್ಯಲ್ಪ ಅವಧಿಯಲ್ಲಿ ಆಟಗಾರನ ಕೈ ಹೊಸದಾಗಿ ಏನನ್ನೂ ಸೇರಿಸಲಾರದು. ಮಾಡಬೇಕಾದುದೆಲ್ಲವನ್ನೂ ಅದಕ್ಕೆ ಮೊದಲೇ ಮಾಡಿ ಮುಗಿಸಿರಬೇಕು.

ಅಧ್ಯಾಪಕರ ಹೊಣೆ

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ಕನ್ನಡವು ಶಾಸ್ತ್ರವನ್ನು ಹೊರಬಲ್ಲುದೆಂಬ ವಿಶ್ವಾಸವನ್ನು ತೋರಿದರು. ಉಡುಪಿ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳಲ್ಲಿ ಒಬ್ಬರೇ ಆ ಭಾರವನ್ನು ಹೊತ್ತು ತೋರಿದರು. ಪದಗಳ ಕೊರತೆ ಕನ್ನಡಕ್ಕೆ ಈಗ ಇಲ್ಲ. ಪದವನ್ನು ವಸ್ತುವಿನೊಡನೆ ಜೋಡಿಸುವ ಕೆಲಸವು ಮಾತ್ರ ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ನಡೆಯಬೇಕಾಗಿದೆ.

ಇದಕ್ಕೆ ಬಹಳ ವೆಚ್ಚವಿಲ್ಲ. ಮೊಳದುದ್ದದ ದಾರ, ಒಂದು ರಬ್ಬರಿನ ಚೆಂಡು, ಸುಣ್ಣದ ಪುಡಿಯಲ್ಲಿ ಅಂಗಳದ ಮೇಲೆ ಎಳೆದ ಒಂದು ವೃತ್ತ ಇಷ್ಟಿದ್ದರೆ ಸಾಕು. ಚೆಂಡನ್ನು ತಿರುಗಿಸಿ ಬಿಟ್ಟು, ಅದು ಹೋದ ಜಾಡಿಗೆ ಮಕ್ಕಳಿಂದಲೇ ಗೆರೆ ಎಳೆಯಿಸಬೇಕು. ಆ ಗೆರೆಯು ಸ್ಪರ್ಶರೇಖೆಯೆಂಬುದನ್ನು ಕಣ್ಣಾರೆ ಕಂಡ ಮಗು ಮತ್ತೆ ತಪ್ಪು ಉತ್ತರವನ್ನು ಬರೆಯುವುದು ಕಷ್ಟ. ಮಠದ ಪ್ರಸಾದನಿಲಯಗಳಲ್ಲಿ ಬೆಳೆಯುವ ಮಕ್ಕಳಲ್ಲಿ ಬಹುಮಂದಿ ಒಕ್ಕಲುತನದ, ಕಸುಬಿನ ಮನೆಗಳಿಂದ ಬಂದವರು. ತಂದೆಯ ಕೊಡಲಿಯ ಬೀಸನ್ನೂ ತಾಯಿಯ ಕಡಗೋಲಿನ ಸುತ್ತನ್ನೂ ಕಂಡವರಿಗೆ ವಿಜ್ಞಾನವು ಪರದೇಶದ ವಸ್ತುವಲ್ಲ. ಅವರ ಮನೆಯಲ್ಲಿಯೇ ಇದ್ದುದನ್ನು ಹೆಸರು ಹಿಡಿದು ತೋರಿಸುವುದಷ್ಟೇ ಶಾಲೆಯ ಕೆಲಸ. ಮುಂದಿನ ಪ್ರವಾಸದಲ್ಲಿ ಕಾಪುವಿನ ಹೊಳೆಬಾಯಿಯ ಬಳಿ ಬಲೆ ಬೀಸುವವನು ಕಂಡರೆ ಬಸ್ಸನ್ನು ಹತ್ತು ನಿಮಿಷ ನಿಲ್ಲಿಸುವುದು ಒಳಿತು.